ಒಂದೇ ದಿನದಲ್ಲಿ ವಿಜಯಪುರ: ಮೊಣಕಾಲು ನೋವಿರುವ ಅಮ್ಮ ಗೋಲಗುಂಬಜ್ ಹತ್ತಬಹುದಾ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಒಂದು ದಿನದ ಮಟ್ಟಿಗೆ ವಿಜಯಪುರಕ್ಕೆ ಹೋಗುತ್ತಿದ್ದೇವೆ. ನಸುಕಿನಲ್ಲಿ ರೈಲು ಇಳಿದರೆ ರಾತ್ರಿ ಮತ್ತೆ ರೈಲು ಹತ್ತಬೇಕು. ಜೊತೆಗೆ 67 ವರ್ಷದ ಅಮ್ಮ, 10 ವರ್ಷದ ಮಗ. ಅಮ್ಮನಿಗೆ ಎರಡೂ ಮೊಣಕಾಲು ನೋವು. ಆದರೂ ಶಾಲೆಯಲ್ಲಿ ಓದಿದ ಪಿಸುಗುಟ್ಟುವ ಗ್ಯಾಲರಿಯನ್ನು ಒಮ್ಮೆಯಾದರೂ ನೋಡಬೇಕು ಅಂತ ಹಟ ಹಿಡಿದಿದ್ದಾರೆ. ಹೋದ ವರ್ಷ ಬೇರೊಂದು ಊರಲ್ಲಿ ಒಂದೇ ದಿನ ಒಂಬತ್ತು ಸ್ಮಾರಕ ಸುತ್ತಿದೆವು. ಈಗ ಫೋಟೋ ತೆಗೆದು ನೋಡಿದರೆ ಯಾವ ಬಾಗಿಲು ಯಾವ ಕಟ್ಟಡದ್ದು ಅಂತಲೇ ಗೊತ್ತಾಗುವುದಿಲ್ಲ. ಈ ಸಲದ ಪಟ್ಟಿಯಲ್ಲಿ ಹನ್ನೊಂದು ಜಾಗ ಇವೆ. ಆಗುತ್ತದೆಯೇ? ಅಮ್ಮನನ್ನು ಹತ್ತಿಸಬಹುದೇ? ಗೈಡ್‌ಗಳು ಹೇಳುವ ಕಥೆಗಳಲ್ಲಿ ನಿಜ ಎಷ್ಟು? ಮಗ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾನೆ. ಸುಳ್ಳು ಬರೆಸಿದ ಹಾಗಾಗಬಾರದು.

ಉತ್ತರ: ಹನ್ನೊಂದೂ ಆಗುತ್ತವೆ. ಆಟೋ ಇಟ್ಟುಕೊಂಡರೆ ಸಂಜೆ ನಾಲ್ಕಕ್ಕೇ ಮುಗಿಯುತ್ತವೆ. ಆದರೆ ಮುಂದಿನ ವರ್ಷ ಫೋಟೋ ನೋಡುವಾಗ ಮತ್ತೆ ಇದೇ ಗೋಳು.

ಹಳೇ ಕಟ್ಟಡಗಳ ದುರಸ್ತಿ, ಸಂರಕ್ಷಣೆಯ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಸುಣ್ಣ, ಇಟ್ಟಿಗೆ, ಬಿರುಕು ಇವೇ ನನ್ನ ದಿನದ ಮಾತು. ನೆಂಟರು, ಸ್ನೇಹಿತರು ಬಂದಾಗಲೆಲ್ಲ ಊರು ತೋರಿಸುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಹಾಗಾಗಿ ನಿಮ್ಮ ಮೂರೂ ಪ್ರಶ್ನೆಗಳು ನನಗೆ ಹಳೇ ಪರಿಚಯ.

ಮೊದಲು ಆ ಮರೆವಿನ ವಿಷಯ. ಅದು ನಿಮ್ಮ ನೆನಪಿನ ಶಕ್ತಿಯ ದೋಷ ಅಲ್ಲ. ಬಾಸ್ಟನ್ನಿನ ಮ್ಯೂಸಿಯಂ ಒಂದರ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮ್ಯೂಸಿಯಂನಲ್ಲಿ ವಸ್ತುಗಳನ್ನು ಸರಿಯಾಗಿ ನೋಡಲು ಒಬ್ಬ ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ಕತ್ತು ತಿರುಚಬೇಕು ಅಂತ ಫೋಟೋ ತೆಗೆಸಿ ತೋರಿಸಿದರು. ದೇಹ ದಣಿದರೆ ಕಣ್ಣು ನೋಡಿದ್ದು ತಲೆಗೆ ಹೋಗುವುದಿಲ್ಲ. ಸ್ಮಾರಕಗಳಲ್ಲಿ ಇದು ಇನ್ನೂ ಜಾಸ್ತಿ. ನಾವು ಅಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗಟ್ಟಿ ಕಲ್ಲಿನ ಮೇಲೆ, ತಲೆ ಹಿಂದಕ್ಕೆ ಬಾಗಿಸಿ. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಸುಮ್ನೆ ನಿಂತರೆ ಆ ಕೆಲಸ ನಿಧಾನವಾಗುತ್ತದೆ, ಕಾಲು ಭಾರವಾಗುತ್ತದೆ. ಅದರ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಒಂಬತ್ತು ಹೆಸರು, ಒಂಬತ್ತು ಇಸವಿ. ನಾಲ್ಕನೆಯದರ ಹೊತ್ತಿಗೆ ತಲೆ ಬಾಗಿಲು ಹಾಕಿಕೊಂಡಿರುತ್ತದೆ.

ನಾನೂ ಈ ತಪ್ಪು ಮಾಡಿದ್ದೇನೆ. ಒಂದು ಮೇ ತಿಂಗಳಲ್ಲಿ ನಮ್ಮ ಮಾವನವರನ್ನು ಕರೆದುಕೊಂಡು ಹೋಗಿ, ಗೊತ್ತಿರುವುದನ್ನೆಲ್ಲ ತೋರಿಸುವ ಉತ್ಸಾಹದಲ್ಲಿ ಮಧ್ಯಾಹ್ನದ ಉರಿಬಿಸಿಲಲ್ಲಿ ಏಳು ಜಾಗ ಸುತ್ತಿಸಿದೆ. ಮನೆಗೆ ಬಂದು ಅವರು ಹೇಳಿದ್ದು ಒಂದೇ ಮಾತು: "ಆ ಕಬ್ಬಿನಹಾಲು ಚೆನ್ನಾಗಿತ್ತು."

ಹಾಗಾದರೆ ಹನ್ನೊಂದರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ವಿಜಯಪುರದಲ್ಲಿ ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗ ಮೂವರ ಗೋರಿಗಳು ಇಲ್ಲಿವೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನದು ಇಬ್ರಾಹಿಂ ರೋಜಾ. ಅವನು ತೀರಿಕೊಂಡಿದ್ದು 1627ರಲ್ಲಿ. ಮಗ ಮಹಮ್ಮದ್ ಆದಿಲ್‌ಶಾಹನದು ಗೋಲಗುಂಬಜ್. ಅವನ ಸಾವು 1656ರಲ್ಲಿ. ಮೊಮ್ಮಗ ಎರಡನೇ ಅಲಿ ಆದಿಲ್‌ಶಾಹನದು ಬಾರಾ ಕಮಾನ್. ಅವನು 1672ರಲ್ಲಿ ಹೋದ, ಕಟ್ಟಡ ಅರ್ಧಕ್ಕೇ ನಿಂತಿತು. ಅಜ್ಜನದು ಕುಸುರಿ ಕೆಲಸ, ಮಗನದು ಬರೀ ಗಾತ್ರ, ಮೊಮ್ಮಗನದು ಬಯಲಲ್ಲಿ ನಿಂತ ಕಮಾನುಗಳು. ಆದಿಲ್‌ಶಾಹಿ ಮನೆತನದ ಕೊನೆಯ ನೂರು ವರ್ಷದ ಏರಿಳಿತ ಈ ಮೂರರಲ್ಲೇ ಕಾಣುತ್ತದೆ. ಹತ್ತು ವರ್ಷದ ಹುಡುಗನಿಗೂ ಇದು ನೆನಪಿರುತ್ತದೆ, ಯಾಕೆಂದರೆ ಇದು ಒಂದು ಮನೆಯ ಕಥೆ. ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ.

ಕಾಲದ ಪ್ರಕಾರ ನೋಡಿದರೆ ಇಬ್ರಾಹಿಂ ರೋಜಾ ಮೊದಲು ಬರಬೇಕು. ಆದರೆ ನೀವು ಗೋಲಗುಂಬಜ್‌ಗೇ ಮೊದಲು ಹೋಗಿ. ಅಲ್ಲಿ ನೋಡುವುದಕ್ಕಿಂತ ಕೇಳುವುದು ಮುಖ್ಯ, ಕೇಳಬೇಕಾದರೆ ಜನ ಕಡಿಮೆ ಇರಬೇಕು. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಒಂಬತ್ತು ಗಂಟೆಗೆ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಮೇಲೆ ಐವತ್ತು ಮಕ್ಕಳು ಒಟ್ಟಿಗೆ "ಓ" ಅಂದರೆ ಪ್ರತಿಧ್ವನಿ ಎಲ್ಲಿಂದ ಕೇಳಬೇಕು? ಬರೀ ಗದ್ದಲ. ಗೋಲಗುಂಬಜ್ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ, ರೈಲು ನಿಲ್ದಾಣಕ್ಕೂ ಹತ್ತಿರ. ಏಳರ ಒಳಗೆ ಒಳಗಿರಿ.

ಈಗ ಅಮ್ಮನ ಮೊಣಕಾಲು. ಗ್ಯಾಲರಿ ಅಂದರೆ ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಓಡಾಡುವ ಕಟ್ಟೆ. ಅದು ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಮೂಲೆಯ ಏಳು ಅಂತಸ್ತಿನ ಗೋಪುರದ ಒಳಗಿನ ಸುರುಳಿ ಮೆಟ್ಟಿಲಲ್ಲಿ ಹತ್ತಬೇಕು. ನೂರಕ್ಕಿಂತ ಜಾಸ್ತಿ ಮೆಟ್ಟಿಲು. ಇಕ್ಕಟ್ಟು, ಅಲ್ಲಲ್ಲಿ ಕತ್ತಲು, ಕೆಲವು ಮೆಟ್ಟಿಲು ಮಾಮೂಲಿಗಿಂತ ಎತ್ತರ, ಕೆಲವು ಸವೆದು ನುಣುಪಾಗಿವೆ. ಹತ್ತುವವರು, ಇಳಿಯುವವರು ಇಬ್ಬರಿಗೂ ಒಂದೇ ದಾರಿಯಾದಾಗ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಒಳ್ಳೆಯ ಸುದ್ದಿ ಏನೆಂದರೆ ಅಂತಸ್ತಿಗೊಮ್ಮೆ ಕಿಟಕಿಯ ಹತ್ತಿರ ನಿಂತು ಉಸಿರು ತೆಗೆದುಕೊಳ್ಳಬಹುದು.

ನಾನು ಡಾಕ್ಟರ್ ಅಲ್ಲ. ಹೋಗುವ ಮೊದಲು ಅಮ್ಮನ ಡಾಕ್ಟರನ್ನು ಒಂದು ಮಾತು ಕೇಳಿ. ಆದರೆ ಮೆಟ್ಟಿಲ ವಿಷಯದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದು: ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ, ಕಷ್ಟ ಕೊಡುವುದು ಇಳಿಯುವಾಗ. ಹತ್ತುವಾಗ ಉಸಿರು ಹೋಗುತ್ತದೆ, ಕೂತರೆ ವಾಪಸ್ ಬರುತ್ತದೆ. ಇಳಿಯುವಾಗ ಮಾತ್ರ ಇಡೀ ಮೈಭಾರವನ್ನು ಬಾಗಿದ ಒಂದೇ ಮೊಣಕಾಲು ತಡೆದು ಹಿಡಿಯಬೇಕು. ಅಲ್ಲಿ ಕೂತು ಸುಧಾರಿಸಿಕೊಂಡರೂ ಉಳಿದ ಮೆಟ್ಟಿಲು ಇಳಿಯಲೇಬೇಕು, ಬೇರೆ ದಾರಿ ಇಲ್ಲ.

ಹಾಗಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಮ್ಮ ನಿಧಾನವಾಗಿ ಮೂರು ಮಹಡಿ ಇಳಿದು ನೋಡಲಿ. ಮರುದಿನ ಬೆಳಿಗ್ಗೆ ಮೊಣಕಾಲು ಊದಿಕೊಂಡಿದ್ದರೆ ಹತ್ತಿಸುವ ಯೋಚನೆ ಬಿಡಿ. ಸರಿಯಾಗಿದ್ದರೆ ಹತ್ತಿಸಬಹುದು, ಆದರೆ ಏಳು ಗಂಟೆಗೇ. ಹತ್ತುವಾಗ ನೀವು ಅವರ ಹಿಂದೆ, ಇಳಿಯುವಾಗ ಅವರ ಮುಂದೆ ಇರಿ. ಕೈಚೀಲ ಕೊಡಬೇಡಿ, ಎರಡೂ ಕೈ ಗೋಡೆಗೆ ಬೇಕು. ಸೀರೆಗಿಂತ ಚೂಡಿದಾರ್ ವಾಸಿ. ಮೂರನೇ ಅಂತಸ್ತಿನಲ್ಲಿ ನಿಂತು "ಮುಂದೆ ಹೋಗೋಣವಾ?" ಅಂತ ಕೇಳಿ. ಅವರು "ನೋಡೋಣ" ಅಂದರೆ ಅದನ್ನು ಬೇಡ ಅಂತಲೇ ಅರ್ಥ ಮಾಡಿಕೊಳ್ಳಿ. ನಮ್ಮ ಅಮ್ಮಂದಿರು ಮೊಮ್ಮಕ್ಕಳ ಎದುರು ಆಗಲ್ಲ ಅನ್ನುವುದಿಲ್ಲ, ಅಲ್ವಾ?

ಹತ್ತಲು ಆಗದಿದ್ದರೂ ಅವರ ದಿನ ಹಾಳಾಗುವುದಿಲ್ಲ. ಪಿಸುಮಾತು ಮೇಲಿನ ಗ್ಯಾಲರಿಯದ್ದೇ, ಅದು ತಪ್ಪಿಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಟ್ಟಡದ ಗಾತ್ರ ಅರ್ಥವಾಗುವುದು ಕೆಳಗಿನ ನೆಲದಿಂದಲೇ. ಸುಮಾರು 41 ಮೀಟರ್ ಉದ್ದಗಲದ ಚೌಕ ಹಜಾರ, ನಡುವೆ ಒಂದೂ ಕಂಬ ಇಲ್ಲ. ನೀವಿಬ್ಬರು ಮೇಲೆ ಹೋದಾಗ ಅವರು ಗೋರಿಗಳ ಕಟ್ಟೆಯ ಹತ್ತಿರ ನಿಂತು ಮೇಲೆ ನೋಡಲಿ. ಗ್ಯಾಲರಿಯ ಅಂಚಿನಲ್ಲಿ ಮೊಮ್ಮಗನ ತಲೆ ಕಡಲೆಕಾಳಿನಷ್ಟು ಕಾಣುತ್ತದೆ. ಅವನು ಕೂಗಿದ್ದು ಕೆಳಗೂ ಗುಂಯ್‌ಗುಡುತ್ತಾ ಬರುತ್ತದೆ. ಹಾಂ, ಗ್ಯಾಲರಿಯಲ್ಲಿ ಹುಡುಗನ ಕೈ ಬಿಡಬೇಡಿ, ಅಂಚಿನಲ್ಲಿ ಬಗ್ಗಲು ಬಿಡಬೇಡಿ.

ಇನ್ನು ಆ ಪ್ರತಿಧ್ವನಿ ಎಷ್ಟು ಸಲ ಕೇಳುತ್ತದೆ ಅನ್ನುವ ವಿಷಯ. "ಏಳು ಸಲ" ಅನ್ನುವ ಗೈಡ್ ಸಿಗುತ್ತಾರೆ, ಒಂಬತ್ತು, ಹತ್ತು, ಹನ್ನೊಂದು ಅನ್ನುವವರೂ ಸಿಗುತ್ತಾರೆ. ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಗೋಡೆಗೆ ಹೋಗಿ ವಾಪಸ್ ಬರಲು ಕಾಲು ಸೆಕೆಂಡೂ ಬೇಡ. ಹತ್ತು ಸಲ ಹೋಗಿ ಬಂದರೂ ಎರಡು ಸೆಕೆಂಡು ಚಿಲ್ಲರೆ. ಪ್ರತಿ ಸಲ ಸದ್ದು ಸ್ವಲ್ಪ ಸಣ್ಣದಾಗುತ್ತದೆ. ಯಾವ ಸಲಕ್ಕೆ ನಿಮ್ಮ ಕಿವಿ ಕೈಬಿಡುತ್ತದೆ ಅನ್ನುವುದು ಚಪ್ಪಾಳೆ ಎಷ್ಟು ಜೋರು, ಸುತ್ತ ಎಷ್ಟು ಗದ್ದಲ ಅನ್ನುವುದರ ಮೇಲಿದೆ. ಮಗನಿಗೆ ಹೇಳಿ: ಕೂಗಬೇಡ, ಒಂದೇ ಒಂದು ಚಪ್ಪಾಳೆ ತಟ್ಟು, ನೀನೇ ಎಣಿಸು. ಅವನ ಲೆಕ್ಕ ಎಷ್ಟೋ ಅಷ್ಟೇ ನೋಟ್‌ಬುಕ್ಕಿಗೆ.

ಪಿಸುಮಾತು ಬೇರೆ ಲೆಕ್ಕ. ಅದು ಅಡ್ಡ ಹಾಯುವುದಿಲ್ಲ, ದುಂಡನೆಯ ಗೋಡೆಗೆ ಅಂಟಿಕೊಂಡು ಜಾರಿಕೊಂಡು ಹೋಗುತ್ತದೆ. ಅದಕ್ಕೇ ಮಧ್ಯದ ಕಡೆ ಮುಖ ಮಾಡಿ ಪಿಸುಗುಟ್ಟಿದರೆ ಏನೂ ಆಗುವುದಿಲ್ಲ. ಗೋಡೆಗೆ ಬಾಯಿ ಹತ್ತಿರ ಇಟ್ಟು, ಗೋಡೆಯ ಉದ್ದಕ್ಕೆ ಮಾತಾಡಬೇಕು. ಎದುರು ಬದಿಯಲ್ಲಿ ಕೇಳುವವರೂ ಗೋಡೆಗೆ ಕಿವಿ ಕೊಡಬೇಕು. ನನಗೆ ಇಷ್ಟವಾದದ್ದು ಕಾಗದದ ಆಟ. ಹಳೇ ಗೈಡ್ ಒಬ್ಬರು ಅಂಗಿಯ ಜೇಬಿನಿಂದ ಬಸ್ ಟಿಕೆಟ್ ತೆಗೆದು, ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ ಹರಿಯುತ್ತಿದ್ದರು. ಅಷ್ಟು ದೂರದಿಂದ ಆ ಚರ್ರ್ ಸದ್ದು ನನ್ನ ಭುಜದ ಮೇಲೇ ಯಾರೋ ಬಟ್ಟೆ ಹರಿದ ಹಾಗೆ ಕೇಳಿತ್ತು. ತಿರುಗಿ ನೋಡಿದ್ದೆ ಕೂಡ.

ಕಂಬವಿಲ್ಲದೆ ಹೇಗೆ ನಿಂತಿದೆ ಅಂತ ಮಗ ಖಂಡಿತ ಕೇಳುತ್ತಾನೆ. ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆಸಿ. ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಸಿ. ಎಂಟು ಮೂಲೆಯ ನಕ್ಷತ್ರ ಬಂತಲ್ಲ, ಅದರ ಒಳಗೆ ಒಂದು ದುಂಡು ಹಿಡಿಸುತ್ತದೆ. ಗೋಲಗುಂಬಜ್ ಅದೇ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಮೇಲೆ ದುಂಡನೆಯ ಕಟ್ಟೆ ಮಾಡುತ್ತವೆ. ಅದರ ಮೇಲೆ ಗುಮ್ಮಟ ಕೂತಿದೆ. ಗುಮ್ಮಟಕ್ಕೆ ಹೊರಕ್ಕೆ ಬಿರಿಯುವ ಗುಣ. ಒಳಕ್ಕೆ ಚಾಚಿದ ಆ ಕಮಾನುಗಳ ಭಾರ ಅದನ್ನು ಒಳಕ್ಕೆ ಎಳೆದು ಸಮ ಮಾಡುತ್ತದೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗುಮ್ಮಟ ಇದು, ಬುಡದಲ್ಲಿ ಸುಮಾರು ಮೂರು ಮೀಟರ್ ದಪ್ಪ. ಮೇಲೆ ಗ್ಯಾಲರಿಗೆ ನುಗ್ಗುವ ಬಾಗಿಲಲ್ಲಿ ಆ ದಪ್ಪವನ್ನು ನೀವೇ ದಾಟುತ್ತೀರಿ.

"ಪ್ರಪಂಚದ ಎರಡನೇ ದೊಡ್ಡ ಗುಮ್ಮಟ" ಅನ್ನುವುದನ್ನು ಮಾತ್ರ ಬರೆಸಬೇಡಿ. ರೋಮಿನ ಪ್ಯಾಂಥಿಯನ್, ಅಲ್ಲಿನದೇ ಸೇಂಟ್ ಪೀಟರ್ ಚರ್ಚು, ಫ್ಲಾರೆನ್ಸ್‌ನ ಚರ್ಚು, ಮೂರರದೂ ಇದಕ್ಕಿಂತ ಅಗಲ. ಈಗಿನ ಕಾಲದ ಉಕ್ಕಿನ ಗುಮ್ಮಟಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಇಟ್ಟಿಗೆ, ಕಲ್ಲಿನ ಹಳೇ ಗುಮ್ಮಟಗಳಲ್ಲಿ ಪ್ರಪಂಚದ ಅತಿ ದೊಡ್ಡವುಗಳ ಸಾಲಿನದು ಅಂದರೆ ನೂರಕ್ಕೆ ನೂರು ಸರಿ. ಅಷ್ಟೇ ಸಾಕಲ್ಲ?

ಸುಲ್ತಾನ ಮಹಮ್ಮದನ ಪ್ರೇಯಸಿ ಅನ್ನಲಾಗುವ ರಂಭೆಯ ಕಥೆಯೂ ಬರುತ್ತದೆ. ಪ್ರೀತಿ ಇದ್ದರೆ ಹಾರು ಅಂತ ಸುಲ್ತಾನ ಅಂದ, ಅವಳು ಮೇಲಿನಿಂದ ಹಾರಿಬಿಟ್ಟಳು ಅಂತ. ಅವಳ ಗೋರಿ ಸುಲ್ತಾನನ ಗೋರಿಯ ಸಾಲಿನಲ್ಲೇ ಇದೆ ಅನ್ನುವುದು ನಿಜ. ಹಾರಿದ್ದು ಜನರ ಬಾಯಿಮಾತು. ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಒಂಬತ್ತಕ್ಕೆ ಹೊರಬನ್ನಿ. ತಿಂಡಿ ತಿನ್ನಿ. ಎದುರಿನ ನಗಾರಖಾನೆಯ ಮ್ಯೂಸಿಯಂಗೆ ಹೋಗುವ ಆಸೆ ಇದ್ದರೆ ನೆನಪಿರಲಿ, ಶುಕ್ರವಾರ ರಜೆ. ಜಾಮಿಯಾ ಮಸೀದಿಯಲ್ಲೂ ಶುಕ್ರವಾರ ಮಧ್ಯಾಹ್ನ ನಮಾಜು. ಆದ್ದರಿಂದ ಶುಕ್ರವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ.

ಅಲ್ಲಿಂದ ಊರಿನ ಇನ್ನೊಂದು ತುದಿಗೆ, ಪಶ್ಚಿಮದ ಕೋಟೆಗೋಡೆಯ ಆಚೆ ಇಬ್ರಾಹಿಂ ರೋಜಾ. ಈ ಎರಡರ ನಡುವೆ ಅಮ್ಮನನ್ನು ನಡೆಸುವ ಸಾಹಸ ಬೇಡ. ಇಡೀ ದಿನಕ್ಕೆ ಒಂದು ಆಟೋ ಮಾತಾಡಿಕೊಳ್ಳಿ. ಟಾಂಗಾ ಸಿಕ್ಕರೆ ಮಗನಿಗೆ ಖುಷಿ, ಆದರೆ ಅದರ ಎತ್ತರದ ಮೆಟ್ಟು ಅಮ್ಮನಿಗೆ ಕಷ್ಟ. ಹತ್ತುವ ಮುಂಚೆ ಯಾವ ಯಾವ ಜಾಗ, ಎಷ್ಟು ಹೊತ್ತು, ಕಾಯುವುದಕ್ಕೆ ಎಷ್ಟು ಅಂತ ಬಾಯಿಬಿಟ್ಟು ಕೇಳಿಬಿಡಿ.

ನನ್ನನ್ನು ಕೇಳಿದರೆ ಇಡೀ ಊರಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಗೋರಿ, ಮಸೀದಿ ಎದುರುಬದುರು. ರಾಣಿ ತಾಜ್ ಸುಲ್ತಾನಾಗೆಂದು ಮಾಡಿದ್ದು, ಕೊನೆಗೆ ರಾಜನಿಗೂ ಇದೇ ಮನೆಯಾಯಿತು. ಕಟ್ಟಿಸಿದವನು ಮಲಿಕ್ ಸಂದಲ್. ಸಂಗೀತದ ಹುಚ್ಚಿದ್ದ, ಸರಸ್ವತಿಯ ಮೇಲೆ ಹಾಡು ಬರೆದ ರಾಜನಿಗೆ ತಕ್ಕ ಕಟ್ಟಡ. ಕಿಟಕಿಗಳನ್ನು ಹತ್ತಿರದಿಂದ ನೋಡಿ. ಜಾಲರಿ ಅಂದುಕೊಂಡಿದ್ದು ಅಕ್ಷರ. ಕಲ್ಲನ್ನು ಕೊರೆದು ಅರಬ್ಬಿ ಬರಹವನ್ನೇ ಕಿಟಕಿ ಮಾಡಿದ್ದಾರೆ. ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಮಸೀದಿಯ ಸೂರಿನ ಕೆಳಗೆ ಕಲ್ಲಿನ ಸರಪಳಿ ಹುಡುಕಲು ಮಗನಿಗೆ ಹೇಳಿ. ಒಂದೇ ಕಲ್ಲಿನಲ್ಲಿ ಕೊಂಡಿಗೆ ಕೊಂಡಿ ಬಿಡಿಸಿ ಕೆತ್ತಿದ್ದು.

"ಯಾವ ಆಧಾರವೂ ಇಲ್ಲದೆ ನಿಂತ ಚಾವಣಿ" ಅನ್ನುವ ಮಾತು ಇಲ್ಲಿ ಕೇಳುತ್ತೀರಿ. ಅರ್ಧ ನಿಜ. ಒಳಕೋಣೆಯ ಚಾವಣಿಯ ನಡುಭಾಗ ಪೂರ್ತಿ ಚಪ್ಪಟೆ, ಕಲ್ಲಿನ ಚಪ್ಪಡಿಗಳು ಅಂಚಿಗೆ ಅಂಚು ತಾಗಿ ನಿಂತಿವೆ. ಕೆಳಗೆ ತೊಲೆ ಇಲ್ಲ. ಆದರೆ ಸುತ್ತಲಿನ ಗೋಡೆಯಿಂದ ಚಾವಣಿ ಬಾಗಿ ಒಳಕ್ಕೆ ಚಾಚಿ ಬಂದಿದೆ, ಉಳಿದದ್ದು ಗಾರೆಯ ಹಿಡಿತ. ನಮ್ಮ ಕೆಲಸದವರು ಅದರ ಕೆಳಗೆ ನಿಂತಾಗ ಮಾತು ಕಡಿಮೆ ಮಾಡುತ್ತಾರೆ. ತಾಜ್‌ಮಹಲಿಗೆ ಇದೇ ಮಾದರಿ ಅನ್ನುವುದಕ್ಕೆ ಗಟ್ಟಿ ದಾಖಲೆ ಇಲ್ಲ, ಬರೆಸಬೇಡಿ.

ಇಲ್ಲಿ ಚಪ್ಪಲಿ ಬಿಟ್ಟು ಕಟ್ಟೆ ಹತ್ತಬೇಕು. ಡಿಸೆಂಬರಿನಲ್ಲೂ ಮಧ್ಯಾಹ್ನ ಕಲ್ಲು ಕಾಯುತ್ತದೆ. ಅಮ್ಮನಿಗೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಕಟ್ಟೆಯ ಮೆಟ್ಟಿಲು ಕೆಲವೇ, ಕೂರಲು ನೆರಳಿದೆ. ಹನ್ನೆರಡರವರೆಗೆ ಇಲ್ಲೇ ಇರಿ. ಆಮೇಲೆ ರೊಟ್ಟಿ ಊಟ, ಎರಡು ಗಂಟೆ ಮಲಗಲು ಒಂದು ಲಾಡ್ಜ್ ಕೋಣೆ. ದುಡ್ಡು ದಂಡ ಅನ್ನಿಸಬಹುದು, ಆದರೆ ಆ ನಿದ್ದೆಯೇ ನಿಮ್ಮ ಸಂಜೆಯನ್ನು ಉಳಿಸುವುದು.

ಮೂರೂವರೆಗೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದದ್ದು, ತೂಕ 55 ಟನ್ ಅನ್ನುತ್ತಾರೆ. ಬಾಯಲ್ಲಿ ಸಿಂಹದ ಮುಖ, ಹಲ್ಲುಗಳ ನಡುವೆ ಆನೆ. ಪಂಚಲೋಹ ಅಂತ ಹೇಳಿದರೆ ನಂಬಬೇಡಿ. ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಅಂದರೆ ಗಂಟೆ ಮಾಡುವ ಕಂಚು, ಅದಕ್ಕೇ ತಟ್ಟಿದರೆ ನಾದ ಬರುತ್ತದೆ. ಬಿಸಿಲಲ್ಲೂ ತಣ್ಣಗಿರುತ್ತದೆ ಅನ್ನುವುದರಲ್ಲಿ ಪವಾಡ ಇಲ್ಲ, ಅಷ್ಟು ಲೋಹ ಕಾಯಲು ಹೊತ್ತು ಬೇಕು. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗೆ ಇಟ್ಟರು. ಬಂದ ಬೆಲೆ 150 ರೂಪಾಯಿ, ಕೊನೆಗೆ ಮಾರಾಟ ರದ್ದಾಯಿತು. ಮುಟ್ಟಿ ಬೇಡಿಕೊಂಡರೆ ಆಗುತ್ತದೆ ಅನ್ನುತ್ತಾರೆ. ಬೇಡಿಕೊಳ್ಳಲಿ ಬಿಡಿ. ಹೆಸರು ಗೀರುವುದು ಮಾತ್ರ ಬೇಡ. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಪಟ್ಟಿಯಲ್ಲಿರುವ ಉಪಲಿ ಬುರುಜು ಬಿಡಿ. ಹೊರಗಡೆಯ ಮೆಟ್ಟಿಲು ಸುತ್ತಿಕೊಂಡು ಹತ್ತಬೇಕು, ಅಮ್ಮನಿಗೆ ಅದು ಎರಡನೇ ಗೋಲಗುಂಬಜ್. ಸಾಠ ಕಬರ್ ಊರ ಹೊರಗಿದೆ, ಅದನ್ನೂ ಬಿಡಿ. ಗಗನ ಮಹಲಿನ ದೊಡ್ಡ ಕಮಾನನ್ನು ಆಟೋ ನಿಲ್ಲಿಸಿ ಹತ್ತು ನಿಮಿಷ ನೋಡಿದರೆ ಸಾಕು. ಕೊನೆಯ ದೊರೆ ಸಿಕಂದರ್ 1686ರಲ್ಲಿ ಔರಂಗಜೇಬನಿಗೆ ಶರಣಾಗಿದ್ದು ಇಲ್ಲೇ ಅನ್ನುತ್ತಾರೆ.

ನಾಲ್ಕೂವರೆ, ಐದಕ್ಕೆ ಬಾರಾ ಕಮಾನ್. ಇದರ ನೆರಳು ಅಪ್ಪನ ಗೋಲಗುಂಬಜ್ ಮೇಲೆ ಬೀಳುತ್ತದೆ ಅಂತ ಕೆಲಸ ನಿಲ್ಲಿಸಿದರು ಅನ್ನುವುದು ಊರಿಗೆಲ್ಲ ಗೊತ್ತಿರುವ ಕಥೆ. ಕಾಗದದ ಮೇಲೆ ಹಾಕಿ ನೋಡೋಣ. ಎರಡರ ನಡುವೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ದೂರ. ಬಾರಾ ಕಮಾನ್ 60 ಮೀಟರ್ ಎತ್ತರ ಆಗುತ್ತಿತ್ತು ಅಂತ ಹಿಡಿದರೂ, ನೆರಳು ಅಷ್ಟು ದೂರ ಹೋಗಬೇಕಾದರೆ ಸೂರ್ಯ ನೆಲದಿಂದ ಎರಡು ಡಿಗ್ರಿಯಷ್ಟೇ ಮೇಲಿರಬೇಕು. ಅಂದರೆ ಮುಳುಗುವ ಮುಂಚಿನ ಹತ್ತು ನಿಮಿಷ. ಗೋಲಗುಂಬಜ್ ಇರುವುದು ನೇರ ಪೂರ್ವಕ್ಕೆ. ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದು ಮಾರ್ಚ್, ಸೆಪ್ಟೆಂಬರಿನ ಕೆಲವು ದಿನ ಮಾತ್ರ. ಅಷ್ಟಕ್ಕೆ ಯಾವ ರಾಜ ಕೆಲಸ ನಿಲ್ಲಿಸುತ್ತಾನೆ? ಅಲಿಗೆ ಒಂದು ಕಡೆ ಮೊಘಲರು, ಇನ್ನೊಂದು ಕಡೆ ಶಿವಾಜಿ. 1672ರಲ್ಲಿ ಅವನು ಸತ್ತಾಗ ಮಗ ಸಿಕಂದರ್ ಇನ್ನೂ ಪುಟ್ಟ ಮಗು. ಗೋರಿ ಮುಗಿಸಲು ದುಡ್ಡೂ ಇಲ್ಲ, ಆಳುವವನೂ ಇಲ್ಲ. ಹದಿನಾಲ್ಕು ವರ್ಷಕ್ಕೆ ರಾಜ್ಯವೇ ಹೋಯಿತು.

ಅಲ್ಲಿ ಉದ್ಯಾನ ಇದೆ, ಅಮ್ಮ ಕೂರಬಹುದು. ಐದೂವರೆ ಹೊತ್ತಿಗೆ ಮಗನನ್ನು ಒಂದು ಕಮಾನಿನ ಬುಡದಲ್ಲಿ ನಿಲ್ಲಿಸಿ, ನೆರಳು ಯಾವ ಕಡೆ ಚಾಚಿದೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಬಾಣ ಬರೆಸಿ. ಮೊಬೈಲಿನ ನಕ್ಷೆಯಲ್ಲಿ ಗೋಲಗುಂಬಜ್ ಯಾವ ಕಡೆ ಇದೆ ಅಂತ ಇನ್ನೊಂದು ಬಾಣ. ಡಿಸೆಂಬರಿನಲ್ಲಿ ಸೂರ್ಯ ಚೆನ್ನಾಗಿ ದಕ್ಷಿಣಕ್ಕೆ ವಾಲಿರುತ್ತಾನೆ, ಎರಡು ಬಾಣಗಳೂ ಬೇರೆ ಬೇರೆ ಕಡೆ ಹೋಗುತ್ತವೆ. ಆಮೇಲೆ ಒಂದು ಚಹಾ ಕುಡಿದು ಸ್ಟೇಷನ್ನಿಗೆ ಹೊರಡಿ.